ಪುಟ್ಟ ಟರ್ಬೊ ಎಂಜಿನ್: ಉಳಿತಾಯ ಚಾಲಕನ ಪಾದದಲ್ಲಿ

1 ಲೀಟರಿನ ಟರ್ಬೊ ಎಂಜಿನ್ ಇರುವ ಕಾರು 1.5 ಲೀಟರ್ ಎಂಜಿನ್ನಿನ ಕಾರಿನಷ್ಟೇ ಚುರುಕಾಗಿ ಓಡುತ್ತದೆ. ಆದರೆ ಕೊಂಡವರಲ್ಲಿ ಹಲವರು 'ಹೇಳಿದಷ್ಟು ಮೈಲೇಜ್ ಬರುತ್ತಿಲ್ಲ' ಎಂದು ದೂರುವುದನ್ನು ನೀವು ಕೇಳಿರಬಹುದು. ಎರಡೂ ನಿಜವೇ. ಕಾರಣವನ್ನು ಭೌತವಿಜ್ಞಾನದಲ್ಲಿ ಹುಡುಕೋಣ.

ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದ್ದರಿಂದ ಎಂಜಿನ್ನಿನ ಸಾಮರ್ಥ್ಯವನ್ನು ನಿರ್ಧರಿಸುವುದು ಅದರೊಳಗೆ ಹೋಗುವ ಗಾಳಿಯ ಪ್ರಮಾಣ. ಹೊರಬೀಳುವ ಬಿಸಿ ಹೊಗೆಯಿಂದ ಪುಟ್ಟ ಟರ್ಬೈನೊಂದನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಸಂಪೀಡಕದಿಂದ ಹೆಚ್ಚು ಗಾಳಿಯನ್ನು ಸಿಲಿಂಡರಿಗೆ ತುಂಬುವ ಸಾಧನವೇ ಟರ್ಬೊಚಾರ್ಜರ್. ಸ್ವಿಟ್ಸರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿಯ ಪೇಟೆಂಟ್ 1905ರಷ್ಟು ಹಳೆಯದು.

ಉಳಿತಾಯ ಎಲ್ಲಿಂದ ಬರುತ್ತದೆ? ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವ ಸಣ್ಣ ಕಾರಿಗೆ ಬೇಕಾದುದು ಸುಮಾರು 8 ಕಿಲೋವಾಟ್ ಮಾತ್ರ. ಗರಿಷ್ಠ ಸಾಮರ್ಥ್ಯ 85 ಕಿಲೋವಾಟ್ ಎಂದಾದರೆ ಇದು ಅದರ ಹತ್ತನೇ ಒಂದು ಪಾಲು. ಇಷ್ಟು ಹಗುರ ಹೊರೆಯಲ್ಲಿ ದೊಡ್ಡ ಪೆಟ್ರೋಲ್ ಎಂಜಿನ್ ಅರೆಮುಚ್ಚಿದ ಕವಾಟದ ಮೂಲಕ ಗಾಳಿ ಎಳೆಯುತ್ತ ಶಕ್ತಿ ಕಳೆದುಕೊಳ್ಳುತ್ತದೆ. ಪುಟ್ಟ ಎಂಜಿನ್ನಿನಲ್ಲಿ ಈ ನಷ್ಟವೂ ಘರ್ಷಣೆಯೂ ಕಡಿಮೆ.

ಆದರೆ ಪೆಡಲನ್ನು ಪೂರ್ತಿ ಒತ್ತಿದಾಗ ಕಥೆ ಬದಲಾಗುತ್ತದೆ. ಸಂಪೀಡನೆಗೊಂಡು ಬಿಸಿಯಾದ ಮಿಶ್ರಣ ಸ್ಫೋಟಕವಾಗಿ ಉರಿದು ಎಂಜಿನ್ 'ಕುಟ್ಟ'ದಂತೆ ಗಣಕವು ಕಿಡಿಯನ್ನು ತಡಮಾಡುತ್ತದೆ. ಹಲವು ಎಂಜಿನ್ನುಗಳಲ್ಲಿ ಟರ್ಬೈನನ್ನು ತಣ್ಣಗಿಡಲೆಂದು ಹೆಚ್ಚುವರಿ ಪೆಟ್ರೋಲನ್ನೂ ಸಿಂಪಡಿಸುತ್ತದೆ. ಎರಡರಿಂದಲೂ ದಕ್ಷತೆ ಕುಸಿಯುತ್ತದೆ.

ಹಾಗಾದರೆ ಚಾಲಕ ಏನು ಮಾಡಬೇಕು?

ಮೊದಲನೆಯದು ಗೇರ್. 1 ಲೀಟರಿನ ಒಂದು ಎಂಜಿನ್ 1750 ಸುತ್ತುಗಳಲ್ಲೇ 178 ನ್ಯೂಟನ್-ಮೀಟರ್ ಟಾರ್ಕ್ ನೀಡುತ್ತದೆ ಎನ್ನೋಣ. ಲೆಕ್ಕ ಹಾಕಿ: 178 × 2π × 1750 ÷ 60, ಅಂದರೆ ಸುಮಾರು 32.6 ಕಿಲೋವಾಟ್. ಮೇಲೆ ಹೇಳಿದ ಅಗತ್ಯದ ನಾಲ್ಕು ಪಟ್ಟು! ಹೀಗಾಗಿ 4000 ಸುತ್ತುಗಳವರೆಗೆ ಎಳೆಯದೆ, 2000ದ ಆಸುಪಾಸಿನಲ್ಲಿ ಮೇಲಿನ ಗೇರಿಗೆ ಹೋಗಬಹುದು. ಅತಿಯೂ ಬೇಡ. 1200 ಸುತ್ತುಗಳಲ್ಲಿ ಮೇಲಿನ ಗೇರಿನಲ್ಲೇ ಪೆಡಲ್ ಅದುಮಿದರೆ ಕಿಡಿಗೆ ಮುನ್ನವೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವಿದೆ. ಅಂಥಲ್ಲಿ ಒಂದು ಗೇರ್ ಇಳಿಸಿ.

ಎರಡನೆಯದು ಬ್ರೇಕ್. 1200 ಕಿ.ಗ್ರಾಂ. ಕಾರು 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 167 ಕಿಲೋಜೂಲ್. ಎಂಜಿನ್ನಿನ ದಕ್ಷತೆ ಶೇ. 25 ಎಂದಿಟ್ಟುಕೊಂಡರೆ ಇದಕ್ಕೆ ತಗಲಿದ ಪೆಟ್ರೋಲ್ ಸುಮಾರು 20 ಮಿಲಿಲೀಟರ್. 50 ಸಲ ಹೀಗೆ ವೇಗ ಹಿಡಿದು ನಿಲ್ಲಿಸಿದರೆ 1 ಲೀಟರ್ ಬ್ರೇಕಿನ ಬಿಸಿಯಾಗಿ ಹೋಯಿತು! ಮುಂದಿನ ಸಿಗ್ನಲ್ ಕೆಂಪಾಗಿದ್ದರೆ ಮೊದಲೇ ಪೆಡಲ್ ಬಿಡಿ, ಗೇರ್ ಹಾಗೇ ಇರಲಿ. ಇಂದಿನ ಎಂಜಿನ್ನುಗಳು ಆಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಉರುಳಿದರೆ ಎಂಜಿನ್ ಚಾಲೂ ಇರಲು ಪೆಟ್ರೋಲ್ ಬೇಕೇಬೇಕು. ಘಟ್ಟ ಇಳಿಯುವಾಗಲಂತೂ ನ್ಯೂಟ್ರಲ್ ಪ್ರಾಣಕ್ಕೇ ಅಪಾಯ.

ಮೂರನೆಯದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 80ರ ಬದಲು 120ರಲ್ಲಿ ಓಡಿದರೆ ಪ್ರತಿ ಕಿ.ಮೀ.ಗೆ ಅದನ್ನು ಎದುರಿಸಲು 2.25 ಪಟ್ಟು ಶಕ್ತಿ ಬೇಕು. ನಮ್ಮ ದೇಶದ ಮೈಲೇಜ್ ಪರೀಕ್ಷೆಗೆ ಬಳಸುತ್ತ ಬಂದಿರುವ ಚಾಲನಾ ಚಕ್ರದಲ್ಲಿ ಗರಿಷ್ಠ ವೇಗ 90 ಮಾತ್ರ ಎಂಬುದನ್ನು ನೆನಪಿಡಿ.

ಟರ್ಬೊ ಒದಗಿಸುವುದು ಬೇಕೆಂದಾಗ ಸಿಗುವ ಬಲವನ್ನು. ಅದನ್ನು ಎಷ್ಟು ಸಲ ಬೇಡುತ್ತೇವೆ ಎಂಬುದರ ಮೇಲೆ ಮೈಲೇಜ್ ನಿಂತಿದೆ. ಮೇಲಿನ ಲೆಕ್ಕಗಳನ್ನು ತರಗತಿಯಲ್ಲಿ ನಿಮ್ಮೂರಿನ ಬಸ್ಸಿಗೂ ಅನ್ವಯಿಸಿ ನೋಡಿ.