ಮೈ ಕಾಯ್ದ ಉಡುಪು, ಆಮೇಲೆ?

ವೆಲ್ಡಿಂಗ್ ಮಾಡುವವರ ಹಳೆಯ ಕೈಗವಸೊಂದನ್ನು ಕತ್ತರಿಸಿ ನೋಡಿ. ಹೊರಗೆ ದನದ ಒರಟು ತೊಗಲು, ಒಳಗೆ ಹತ್ತಿಯ ಪದರ, ಒಳ್ಳೆಯ ಜೋಡಿಯಾದರೆ ಹೊಲಿಗೆಗೆ ಅರಾಮಿಡ್ ನೂಲು. ಕಿಡಿ ಬಿದ್ದರೆ ತೊಗಲು ಸುರುಟಿಕೊಳ್ಳುತ್ತದೆಯೇ ಹೊರತು ಕರಗಿ ಕೈಗೆ ಅಂಟುವುದಿಲ್ಲ. ಹತ್ತಿ ಬೆವರನ್ನು ಹೀರುತ್ತದೆ. ನೂಲು ಬಿಸಿಗೆ ಬಿಟ್ಟುಕೊಳ್ಳುವುದಿಲ್ಲ. ಮೂರನ್ನೂ ಇಷ್ಟು ಗಟ್ಟಿಯಾಗಿ ಕೂಡಿಸಿ ಹೊಲಿದಿರುವುದರಿಂದಲೇ ಹರಿದ ಮೇಲೆ ಅದನ್ನು ಬಿಡಿಸಿ ಮತ್ತೆ ಬಳಸುವುದು ಕಷ್ಟ. ಗುಜರಿಯವರಿಗೂ ಅದು ಬೇಡ. ಹಾಗಾಗಿ ಎಷ್ಟೋ ಕಡೆ ಅದು ಅಂಗಡಿಯ ಹಿಂದಿನ ಬೆಂಕಿಗೆ ಬೀಳುತ್ತದೆ.

ಹೀಗೆ ಸುಡುವುದು ದೊಡ್ಡ ತಪ್ಪು. ಇಂಥ ತೊಗಲನ್ನು ಸಾಮಾನ್ಯವಾಗಿ ಕ್ರೋಮಿಯಂ ಲವಣದಿಂದ ಹದ ಮಾಡಿರುತ್ತಾರೆ. ತೊಗಲಿನಲ್ಲಿರುವ ಮೂರು ವೇಲೆನ್ಸಿಯ ಕ್ರೋಮಿಯಂನಿಂದ ಅಷ್ಟಾಗಿ ಕೇಡಿಲ್ಲ. ಆದರೆ ಬಯಲಲ್ಲಿ ಸುಟ್ಟಾಗ ಅದರ ಒಂದು ಪಾಲು ಆರು ವೇಲೆನ್ಸಿಯ ಕ್ರೋಮಿಯಂ ಆಗಿ ಬದಲಾಗಬಹುದು. ಅದು ಕ್ಯಾನ್ಸರ್ ತರುವಂಥದ್ದು, ನೀರಿನಲ್ಲಿ ಸುಲಭವಾಗಿ ಬೆರೆಯುವಂಥದ್ದು. ಆ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಲೇಬಾರದು.

ಗಮ್‌ಬೂಟು, ಏಪ್ರನ್ ಮತ್ತು ಅಗ್ಗದ ರೇನ್‌ಕೋಟುಗಳಲ್ಲಿ ಹೆಚ್ಚಿನವು ಪಿವಿಸಿಯವು. ಪಿವಿಸಿ ರಾಳದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಟ್ಟರೆ ಕಣ್ಣು, ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ, ಜೊತೆಗೆ ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ಅದೇ ಬೂಟು ಚೊಕ್ಕಟವಾಗಿದ್ದರೆ ಪುಡಿ ಮಾಡಿ ಕರಗಿಸಿ ಹೊಸದಾಗಿ ಎರಕ ಹೊಯ್ಯಬಹುದು. ರಬ್ಬರು ಹಾಗಲ್ಲ. ಒಮ್ಮೆ ಗಂಧಕ ಬೆರೆಸಿ ಬೇಯಿಸಿದ ರಬ್ಬರು ಮತ್ತೆ ಕರಗುವುದಿಲ್ಲ. ಎಣ್ಣೆ, ಗ್ರೀಸು ತಡೆಯುವ ನೈಟ್ರೈಲ್ ಕೈಗವಸಿನದೂ ಇದೇ ಕಥೆ.

ಬಟ್ಟೆ ಯಾವುದೆಂಬುದು ಕಣ್ಣಿಗೆ ತಿಳಿಯದಿದ್ದರೆ ಜವಳಿಯವರು ಬಹಳ ಕಾಲದಿಂದ ಮಾಡುವ ಪರೀಕ್ಷೆಯೊಂದಿದೆ. ಗಾಳಿಯಾಡುವ ಕಡೆ ಕುಳಿತು, ಒಂದೇ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಹತ್ತಿ ಕಾಗದದ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕುಗ್ಗಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಬೆಂಕಿಯ ಬಳಿ ದುಡಿಯುವವರಿಗೆ ಪಾಲಿಯೆಸ್ಟರ್ ಅಂಗಿ ಬೇಡವೆನ್ನುವುದು ಈ ಮಣಿಯ ಕಾರಣಕ್ಕೇ. ಅರಾಮಿಡ್ ಕರಗುವುದಿಲ್ಲ, ಕರಿಕಾಗಿ ಉರಿ ಆಚೆ ಸರಿಸುತ್ತಲೇ ಆರಿಹೋಗುತ್ತದೆ. 1965ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಅವರ ಶೋಧದಿಂದ ಬಂದ ಕೆವ್ಲಾರ್ ಈ ಕುಲದ ನಾರು. ಹಳೆಯ ಅರಾಮಿಡ್ ಬಟ್ಟೆಯನ್ನು ಅರೆದು ಬ್ರೇಕ್ ಪ್ಯಾಡ್, ಗ್ಯಾಸ್ಕೆಟ್‌ಗಳಿಗೆ ಬಳಸುವ ಉದ್ಯಮವೇ ಇದೆ. ಎಸೆಯುವ ಉಡುಪುಗಳಲ್ಲಿ ನಿಜಕ್ಕೂ ಬೆಲೆಬಾಳುವಂಥದ್ದು ಇದು.

ಇಷ್ಟಾದರೂ ಉಡುಪು ಯಾವುದರಿಂದ ಆಗಿದೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಅದು ಏನನ್ನು ಕುಡಿದಿದೆ ಎಂಬುದು. 1965ರಲ್ಲೇ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಎಂಬ ಇಬ್ಬರು ಸಂಶೋಧಕರು, ಕಲ್ನಾರಿನಿಂದ ಬರುವ ಕ್ಯಾನ್ಸರ್ ಆದ ಮೆಸೊಥೀಲಿಯೋಮಾ ತಗುಲಿದ ಲಂಡನ್ನಿನ ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಕಲ್ನಾರು ಕಾರ್ಖಾನೆಯೊಳಗೆ ಒಂದು ದಿನವೂ ದುಡಿಯದ ಹೆಂಗಸರೂ ಆ ರೋಗಿಗಳಲ್ಲಿದ್ದರು. ಅವರು ಮಾಡಿದ್ದು ಗಂಡಂದಿರ ಕೆಲಸದ ಬಟ್ಟೆಯನ್ನು ಕೊಡವಿ ಒಗೆದದ್ದು, ಅಷ್ಟೇ. ಬಟ್ಟೆಯಲ್ಲಿ ಕೂತ ನಾರು ಮನೆಗೆ ಬಂದು ಅವರ ಎದೆಗೂಡನ್ನು ಸೇರಿತ್ತು. ಕೆಲಸದ ಉಡುಪು ಮನೆಗೆ ಹೋಗಬಾರದು ಎಂದು ಹೇಳಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ನಮ್ಮ ಹೊಲಗಳಲ್ಲಿ ಇದು ಇನ್ನೂ ಹತ್ತಿರದ ಮಾತು. ಔಷಧಿ ಹೊಡೆದು ಬಂದ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ಒಂದೇ ಬಕೆಟ್ಟಿಗೆ ಹಾಕಬಾರದು. ಬೇರೆಯಾಗಿ ನೆನೆಸಿ, ಕೈಗವಸು ತೊಟ್ಟೇ ಒಗೆದು, ಬಿಸಿಲಿಗೆ ಹರವಬೇಕು. ನೀರು ಬೆರೆಸದ ಔಷಧಿಯೇ ಚೆಲ್ಲಿ ನೆಂದಿದ್ದರೆ ಆ ಅಂಗಿಯನ್ನು ಒಗೆಯುವುದೂ ಬೇಡ, ಉಡುವುದೂ ಬೇಡ. ಒಗೆದ ನೀರು ಕೆರೆಗೆ, ದನದ ತೊಟ್ಟಿಗೆ ಹೋಗದಂತೆ ನೋಡಿಕೊಳ್ಳಬೇಕು.

ಆಸ್ಪತ್ರೆಗಳಿಗೆ ಮಾತ್ರ ದಾರಿ ಸ್ಪಷ್ಟವಾಗಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬಣ್ಣದ ಚೀಲಗಳನ್ನು ಗೊತ್ತುಮಾಡಿವೆ. ಕೋವಿಡ್ ಕಾಲದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇನ್ನಷ್ಟು ಬಿಡಿಸಿ ಹೇಳಿತು: ಕನ್ನಡಕ, ಮುಖಕವಚ, ಪ್ಲಾಸ್ಟಿಕ್ ಕವರ್‌ಆಲ್, ನೈಟ್ರೈಲ್ ಕೈಗವಸು ಕೆಂಪು ಚೀಲಕ್ಕೆ, ಮಾಸ್ಕು, ತಲೆಯ ಟೋಪಿ, ಕಾಲಿನ ಹೊದಿಕೆ ಹಳದಿಗೆ. ಕೆಂಪು ಚೀಲದ್ದು ರೋಗಾಣು ಕಳೆದ ಮೇಲೆ ಮರುಬಳಕೆಗೆ, ಹಳದಿಯದು ದಹನ ಕುಲುಮೆಗೆ.

ಕಾರ್ಖಾನೆಗಳ ವಿಷಯದಲ್ಲಿ ಕಾನೂನು ಇದೆ, ರೂಢಿ ಇಲ್ಲ. ಎಣ್ಣೆ, ದ್ರಾವಕ, ಬಣ್ಣ ಮೆತ್ತಿದ ಬಟ್ಟೆ ಮತ್ತು ಒರೆಸುವ ಚಿಂದಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತವೆ. ಅವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅನುಮತಿ ಪಡೆದ ಘಟಕಕ್ಕೇ ಕಳಿಸಬೇಕು. ಹಾಗೆ ಮಾಡದೆ ಕಸದ ಗಾಡಿಗೆ ಸುರಿದರೆ, ಒಬ್ಬ ಕಾರ್ಮಿಕನ ಕೈ ಉಳಿಸಿದ ಕೈಗವಸು ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕಳ ಕೈಯನ್ನು ಸುಡುತ್ತದೆ. ಈ ಅನ್ಯಾಯವನ್ನು ನಾವು ತೀರಾ ಸಹಜವೆಂಬಂತೆ ಒಪ್ಪಿಕೊಂಡುಬಿಟ್ಟಿದ್ದೇವೆ.

ಹೆಲ್ಮೆಟ್ಟಿನದು ಬೇರೆಯೇ ತೊಡಕು. ಅದರ ಚಿಪ್ಪು ಬಹುಪಾಲು ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು, ಮರುಬಳಕೆಗೆ ಒಳ್ಳೆಯ ಸರಕು. ಆದರೆ ಬಿಸಿಲಿಗೆ ಅದು ಪೆಡಸಾಗುತ್ತದೆ, ಮೇಲೆ ಬಣ್ಣ ಬಳಿದರೆ ಬಿರುಕು ಕಾಣುವುದಿಲ್ಲ. ಎಸೆದ ಹೆಲ್ಮೆಟ್ ತೊಳೆಸಿಕೊಂಡು ಇನ್ನೊಬ್ಬರ ತಲೆ ಏರದಂತೆ ಒಳಪಟ್ಟಿಯನ್ನು ಕತ್ತರಿಸಿ, ಚಿಪ್ಪನ್ನು ಗರಗಸದಿಂದ ಎರಡು ಹೋಳು ಮಾಡಿಯೇ ಗುಜರಿಗೆ ಕೊಡಬೇಕು.

ವರ್ಕ್‌ಶಾಪ್ ನಡೆಸುವವರಲ್ಲಿ ಒಂದು ಕೋರಿಕೆ. ಹೊಸ ಜೋಡಿ ಕೊಡುವಾಗ ಹಳೆಯದನ್ನು ಕೇಳಿ ಪಡೆಯಿರಿ. ಕೊಡಲಿಲ್ಲವೆಂದು ಯಾರ ಕೂಲಿಯನ್ನೂ ಹಿಡಿಯಬೇಡಿ. ಬಾಗಿಲ ಬಳಿ ಮುಚ್ಚಳವಿರುವ ಎರಡು ಡಬ್ಬ ಇಡಿ, ಎಣ್ಣೆ ಮತ್ತು ರಾಸಾಯನಿಕ ತಗುಲಿದ್ದಕ್ಕೆ ಒಂದು, ಚೊಕ್ಕಟವಾದದ್ದಕ್ಕೆ ಇನ್ನೊಂದು. ಬಟ್ಟೆ ಒಗೆಸುವ ಹೊಣೆಯೂ ನಿಮ್ಮದೇ ಇರಲಿ.