‘ಬೊಕೆ’: ಒಂದು ಎರವಲು ಪದದ ಅರ್ಥ ಮತ್ತು ಮೂಲ

ಛಾಯಾಚಿತ್ರದಲ್ಲಿ ಫೋಕಸ್ಸಿನಿಂದ ಹೊರಗುಳಿದ ಭಾಗಗಳು ಮಸುಕಾಗಿ ಮೂಡುವ ಪರಿಯ ಗುಣವನ್ನು ‘ಬೊಕೆ’ ಎನ್ನುತ್ತಾರೆ. ಈ ಜಪಾನಿ ನಾಮಪದವು ‘ಮಸುಕಾಗು, ಮಂಕಾಗು’ ಎಂಬರ್ಥದ ‘ಬೊಕೆರು’ ಕ್ರಿಯಾಪದದಿಂದ ಸಾಧಿತವಾದುದು. ಮುಪ್ಪಿನ ಅರಳುಮರಳಿಗೂ, ‘ಜಿಸಾಬೊಕೆ’ ಎಂಬ ಸಮಾಸದಲ್ಲಿ ದೂರದ ವಿಮಾನಯಾನದ ನಂತರದ ಮಂಪರಿಗೂ ಇದು ಸಲ್ಲುತ್ತದೆ. ‘ಪಿಂಬೊಕೆ’ ಎಂದರೆ ಫೋಕಸ್ ತಪ್ಪಿದ ಚಿತ್ರದೋಷ. ಮಸುಕಿನ ಸೊಗಸನ್ನು ಸೂಚಿಸಲು ಜಪಾನಿಯಲ್ಲಿ ‘ರುಚಿ’ ಎಂಬರ್ಥದ ‘ಅಜಿ’ ಸೇರಿದ ‘ಬೊಕೆಅಜಿ’ ಇದೆ. ಇಂಗ್ಲಿಷು ಪೂರ್ವಪದವನ್ನಷ್ಟೇ ಪಡೆದು, ಇಡೀ ಸಮಾಸದ ಅರ್ಥವನ್ನು ಅದರ ಮೇಲೆ ಹೊರಿಸಿತು. ಆದ್ದರಿಂದ ಇದು ಅರ್ಥಸಂಕೋಚವಷ್ಟೇ ಅಲ್ಲ, ಸಮಾಸಾರ್ಥದ ವರ್ಗಾವಣೆಯೂ ಹೌದೆಂದು ನಾವು ಭಾವಿಸುತ್ತೇವೆ.

1997ರಲ್ಲಿ ‘ಫೋಟೋ ಟೆಕ್ನಿಕ್ಸ್’ ಪತ್ರಿಕೆಯ ಸಂಪಾದಕ ಮೈಕ್ ಜಾನ್‌ಸ್ಟನ್, ಓದುವಾಗ ಅಂತ್ಯಸ್ವರ ಲೋಪವಾಗದಿರಲೆಂದು ರೋಮನ್ ಬರಹದ ಕೊನೆಗೆ ‘ಎಚ್’ ಸೇರಿಸಿದರು. ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಚಿಹ್ನೆಗಳಿರುವ ಕನ್ನಡ ಲಿಪಿಗೆ ಆ ಊರುಗೋಲು ಬೇಕಿಲ್ಲ. ಆದರೆ ಹೂಗುಚ್ಛವೆಂಬ ಅರ್ಥದ, ಫ್ರೆಂಚ್ ಮೂಲದ ‘ಬೊಕೆ’ ಕನ್ನಡದಲ್ಲಿ ಈಗಾಗಲೇ ಬಳಕೆಯಲ್ಲಿದೆ. ಇವೆರಡನ್ನೂ ಬೇರ್ಪಡಿಸುವುದು ಸಂದರ್ಭ ಮಾತ್ರ. ‘ಮಸುಕು’ ಎಂಬ ಅನುವಾದವು ಈ ಗೊಂದಲವನ್ನು ನೀಗಿದರೂ ‘ರುಚಿ’ಯ ಅಂಶವನ್ನು ಬಿಟ್ಟುಕೊಡುತ್ತದೆ. ಎರವಲನ್ನು ಉಳಿಸಿಕೊಳ್ಳುವುದೇ ಯುಕ್ತವೆಂಬುದು ನಮ್ಮ ನಿಲುವು.