ಹನ್ನೊಂದರಿಂದ ಶುರುವಾದ ಸರಣಿ

ಹಳೆಯ ಇಂಗ್ಲಿಷ್ ಅಮರ ಚಿತ್ರ ಕಥೆಗಳನ್ನು ಕೂಡಿಹಾಕಲು ಹೊರಟವರಿಗೆ ಮೊದಲ ಗೋಜಲು ನಂಬರಿನದು. ಸರಣಿಯ ಮೊದಲ ಪುಸ್ತಕ ‘ಕೃಷ್ಣ’. ಆದರೆ ಅದಕ್ಕೆ ಕೊಟ್ಟ ನಂಬರು 11. ಹಾಗಾದರೆ ಒಂದರಿಂದ ಹತ್ತು ಎಲ್ಲಿ ಹೋದವು? ಹೊಸಬರು ಫೋನು ಹಿಡಿದು ರಾತ್ರಿಯೆಲ್ಲ ತಡಕುತ್ತಾರೆ. ಉತ್ತರ ಇರುವುದು ಬೆಂಗಳೂರಿನಲ್ಲಿ, ಅದೂ ಕನ್ನಡದಲ್ಲಿ.

1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರಿಗೆ ಕನ್ನಡದ ಮಕ್ಕಳಿಗೆ ಬಣ್ಣದ ಚಿತ್ರಕತೆ ಕೊಡಬೇಕು ಅನ್ನಿಸಿತು. ಹೊಸದಾಗಿ ಬರೆಸಿ, ಚಿತ್ರ ಬಿಡಿಸಿ ಮಾಡುವಷ್ಟು ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ. ಅಮೆರಿಕದ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್’ ಸರಣಿಯ ಚಿತ್ರಗಳು ಸಿದ್ಧವಾಗಿದ್ದವು. ಮಾತಿನ ಗುಳ್ಳೆಗಳೊಳಗೆ ಕನ್ನಡ ತುಂಬಿಸಿದರಾಯಿತು. ಹಾಗೆ ಬಂದವು ಸಿಂಡ್ರೆಲ್ಲಾ, ಅಲ್ಲಾದೀನ್, ಪಿನೋಕಿಯೊ, ಮೂರು ಹಂದಿಮರಿಗಳು, ಹಿಮಬಿಳುಪಿನ ರಾಜಕುಮಾರಿ ಮತ್ತು ಏಳು ಕುಳ್ಳರು. ಹೆಸರು ಅಮರ ಚಿತ್ರ ಕಥೆ, ಒಳಗೆ ಒಬ್ಬ ರಾಮನೂ ಇಲ್ಲ, ಭೀಮನೂ ಇಲ್ಲ. ಆದರೂ ಪುಸ್ತಕ ಚೆನ್ನಾಗಿ ಹೋಯಿತು. ಕನ್ನಡದಲ್ಲಿ ಆದ ಆ ವ್ಯಾಪಾರ ನೋಡಿಯೇ ಸಂಸ್ಥೆಯ ಮುಂಬೈ ಕಚೇರಿಯ ಮೀರ್‌ಚಂದಾನಿಯವರಿಗೆ ಧೈರ್ಯ ಬಂದದ್ದು, ಇಂಗ್ಲಿಷ್ ಸರಣಿ ಹನ್ನೊಂದರಿಂದ ಶುರುವಾದದ್ದು ಮೊದಲ ಹತ್ತು ಕನ್ನಡದಲ್ಲಿ ಆಗಲೇ ಬಂದಿದ್ದರಿಂದ ಎಂದು ಅನಂತರಾಮ್ ಅವರೇ ಹೇಳಿದ್ದಾರೆ.

ನಮಗೆ ಗೊತ್ತಿರುವ ಕತೆ ಬೇರೆ. 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ಒಂದು ಕ್ವಿಜ್. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಪಟಪಟ ಉತ್ತರ ಕೊಟ್ಟ ಮಕ್ಕಳು ರಾಮನ ತಾಯಿ ಯಾರು ಎಂದರೆ ಬಾಯಿ ಮುಚ್ಚಿಕೊಂಡವು. ಅದನ್ನು ನೋಡಿ ನೊಂದುಕೊಂಡ ಅನಂತ ಪೈ ಈ ಸರಣಿ ಶುರುಮಾಡಿದರಂತೆ. ಅವರೂ ನಮ್ಮವರೇ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಹುಡುಗನಾಗಿದ್ದಾಗ ಮುಂಬೈ ಸೇರಿದವರು. ಸರಣಿಗೆ ಜೀವ ಕೊಟ್ಟವರು, ಮುಂದೆ 1980ರಲ್ಲಿ ‘ಟಿಂಕಲ್’ ತಂದು ಮಕ್ಕಳ ಅಂಕಲ್ ಪೈ ಆದವರು ಅವರು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕ್ವಿಜ್‌ನ ಕತೆ ಹೇಳಲು ಚೆಂದ, ಹಾಗಾಗಿ ಅದು ಊರೆಲ್ಲ ಹಬ್ಬಿತು. ಬೆಂಗಳೂರಿನ ಮಾರಾಟದ ಲೆಕ್ಕವನ್ನು ಯಾರು ಕೇಳುತ್ತಾರೆ? ಎರಡೂ ನಿಜವಿರಬಹುದು. ದುಡ್ಡು ಹಾಕುವವನಿಗೆ ಮಾತ್ರ ಕೌಸಲ್ಯೆಗಿಂತ ಸಿಂಡ್ರೆಲ್ಲಾಳ ಲೆಕ್ಕವೇ ಹೆಚ್ಚು ಭರವಸೆ ಕೊಟ್ಟಿದ್ದೀತು ಎಂದು ನನ್ನ ಅನುಮಾನ.

ಪೈ ಅವರು ಅದಕ್ಕೂ ಮೊದಲು ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಲ್ಲಿ ಇಂದ್ರಜಾಲ ಕಾಮಿಕ್ಸ್ ಕೆಲಸದಲ್ಲಿದ್ದರು. ಇಂದು ಹಳೆಯ ಕಾಮಿಕ್ಸ್ ಹುಡುಕುವವರು ಹೆಚ್ಚು ಜೀವ ಬಿಡುವುದು ಈ ಇಂದ್ರಜಾಲಕ್ಕೆ. 1964ರ ಮಾರ್ಚ್‌ನಲ್ಲಿ ಫ್ಯಾಂಟಮ್‌ನ ಕತೆಯೊಂದಿಗೆ ಶುರುವಾಯಿತು, ಬೆಲೆ 60 ಪೈಸೆ. ಮೊದಲ ಮೂವತ್ತೆರಡು ಸಂಚಿಕೆ ಫ್ಯಾಂಟಮ್‌ನದೇ. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಬಂದರು. 1976ರಲ್ಲಿ ಆಬಿದ್ ಸುರ್ತಿ ಸೃಷ್ಟಿಸಿದ ನಮ್ಮ ದೇಶದ ಬಹಾದ್ದೂರ್ ಬಂದ. ಫ್ಯಾಂಟಮ್‌ನ ಕಾಡಿದ್ದ ‘ಬೆಂಗಾಲ’ ನಮ್ಮ ಬಂಗಾಳದಂತೆ ಕೇಳಿಸುತ್ತದೆಂದು ‘ಡೆಂಕಾಲಿ’ ಆಯಿತು. 1990ರಲ್ಲಿ ನಿಲ್ಲುವ ಹೊತ್ತಿಗೆ ಎಂಟುನೂರಕ್ಕೂ ಮಿಕ್ಕಿ ಸಂಚಿಕೆ ಬಂದಿದ್ದವು, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ.

ಇಷ್ಟು ಅಚ್ಚಾದದ್ದು ಈಗ ಯಾಕೆ ಸಿಗುವುದಿಲ್ಲ? ಓದಿ ಓದಿ ಹರಿದುಹೋಯಿತು, ಅಷ್ಟೆ. ನ್ಯೂಸ್‌ಪ್ರಿಂಟ್ ಹಾಳೆ ಕೆಲವೇ ವರ್ಷಗಳಲ್ಲಿ ಚಹಾ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದ ತೇವಕ್ಕೆ ಮಧ್ಯದ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ಬಾಡಿಗೆ ಲೈಬ್ರರಿಗಳು ಮುಖಪುಟಕ್ಕೇ ಸೀಲು ಒತ್ತಿದವು. ಅಕ್ಕರೆಯಿಂದ ಕಾಪಾಡಿದವರಿಂದ ಆದ ಹಾನಿಯೂ ಕಡಿಮೆಯದಲ್ಲ: ಹತ್ತಿಪ್ಪತ್ತು ಪುಸ್ತಕ ಒಟ್ಟುಗೂಡಿಸಿ ಬೈಂಡ್ ಮಾಡಿಸಿದರು, ಬೈಂಡರ್ ಮೂರು ಕಡೆ ಅಂಚು ಕತ್ತರಿಸಿದ, ಕೆಲವೊಮ್ಮೆ ಮುಖಪುಟವನ್ನೇ ಕಿತ್ತುಹಾಕಿದ. ಮನೆ ಖಾಲಿ ಮಾಡುವಾಗ ಉಳಿದದ್ದು ಗುಜರಿಗೆ ಹೋಯಿತು.

ಅಮೆರಿಕದಲ್ಲಿ ಹಳೆಯ ಕಾಮಿಕ್ಸ್ ಕೊಂಡು ಮಾರುವ ವ್ಯವಹಾರಕ್ಕೆ ಎಂದೋ ಶಿಸ್ತು ಬಂದಿದೆ. 1970ರಲ್ಲಿ ಓವರ್‌ಸ್ಟ್ರೀಟ್ ಬೆಲೆಪಟ್ಟಿ ಬಂತು. 2000ದಿಂದ ಪುಸ್ತಕಕ್ಕೆ ಹತ್ತರಲ್ಲಿ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಕಂಪನಿಯೇ ಇದೆ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಹತ್ತು ಸೆಂಟಿನ ಪುಸ್ತಕವೊಂದು 2014ರಲ್ಲಿ ಇಬೇಯಲ್ಲಿ 32 ಲಕ್ಷ ಡಾಲರಿಗೆ ಹರಾಜಾಯಿತು. ಓದಲಾಗದಂತೆ ಮುಚ್ಚಿಟ್ಟ ಕಾಮಿಕ್ಸ್‌ಗೆ ಏನರ್ಥವೋ, ಅದು ಅವರಿಗೇ ಗೊತ್ತು.

ನಮ್ಮಲ್ಲಿ ಎಲ್ಲರೂ ಒಪ್ಪುವ ಅಂಥ ಬೆಲೆಪಟ್ಟಿ ಇಲ್ಲ. ಬಾಜಿ ಡಾಟ್ ಕಾಮ್ ಎಂಬ ಹರಾಜು ತಾಣವನ್ನು 2004ರಲ್ಲಿ ಇಬೇ ಕೊಂಡುಕೊಂಡಿತು. ಬಹಳಷ್ಟು ಜನರಿಗೆ ತಮ್ಮ ಅಟ್ಟದ ಮೇಲಿನ ಪೆಟ್ಟಿಗೆಗೆ ಬೆಲೆಯುಂಟೆಂದು ತಿಳಿದದ್ದು ಆಗ. ಇಬೇಯ ಭಾರತದ ಅಂಗಡಿ 2018ರಲ್ಲಿ ಮುಚ್ಚಿತು. ಈಗ ವ್ಯಾಪಾರ ಓಎಲ್‌ಎಕ್ಸ್, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ಚದುರಿದೆ. ಚದುರಿದಷ್ಟೂ ಅಗ್ಗದ ಮಾಲು ಸಿಗುವ ಸಂಭವ ಜಾಸ್ತಿ. ‘ಅಪರೂಪದ್ದು’ ಎಂದು ಬರೆದು ಹಾಕಿದ ಜಾಹೀರಾತಿನಲ್ಲಿ ಲಾಭ ಹುಡುಕಬೇಡಿ. ಅಲ್ಲಿ ಮಾರುವವನು ಆಗಲೇ ಲೆಕ್ಕ ಹಾಕಿದ್ದಾನೆ. ‘ಹಳೇ ಕತೆ ಪುಸ್ತಕ, ಒಂದು ಲಾಟ್’ ಎಂಬ ಮಬ್ಬು ಫೋಟೊ ಕಂಡರೆ ಹಿಗ್ಗಿಸಿ ನೋಡಿ. ಆ ಕಾಲದ ಕಾಮಿಕ್ಸ್‌ನಲ್ಲಿ ಬರುತ್ತಿದ್ದ ಪಾಪ್ಪಿನ್ಸ್ ಪೆಪ್ಪರಮಿಂಟಿನ ರಾಮ್ ಔರ್ ಶ್ಯಾಮ್ ಜಾಹೀರಾತು ಇಣುಕಿದರೆ ಕೂಡಲೇ ಫೋನು ಮಾಡಿ.

ಅಮರ ಚಿತ್ರ ಕಥೆಯಾದರೆ ಇನ್ನೂ ಹುಷಾರು ಬೇಕು, ಏಕೆಂದರೆ ಒಂದೇ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿದೆ. ಒಳಪುಟದ ಫೋಟೊ ಕೇಳಿ ತರಿಸಿಕೊಳ್ಳಿ. ಶುರುವಿನ ಸಂಚಿಕೆಗಳಲ್ಲಿ ಪೂರ್ತಿ ಬಣ್ಣ ಇರಲಿಲ್ಲ. ನೀಲಿ, ಹಳದಿ, ಹಸಿರಿನಲ್ಲೇ ಕತೆ ಮುಗಿಸಿದ್ದಾರೆ. ಕೆಂಪು ಕಂಡರೆ ಅದು ಆಮೇಲಿನ ಮುದ್ರಣ. ಮುಖಪುಟದ ಬೆಲೆ ಇನ್ನೊಂದು ಸಾಕ್ಷಿ: ಪೈಸೆಯಲ್ಲಿದೆಯೋ ರೂಪಾಯಿಯಲ್ಲಿದೆಯೋ ನೋಡಿ. ಮೂರನೆಯದು ನಂಬರು. ಬಹಳ ವರ್ಷಗಳ ನಂತರ ಪ್ರಕಾಶಕರು ಇಡೀ ಸರಣಿಗೆ 501ರಿಂದ ಹೊಸ ಎಣಿಕೆ ಹಾಕಿದರು, ‘ಕೃಷ್ಣ’ನೇ 501 ಆದ. ಹೊಸ ಲೆಕ್ಕದಲ್ಲಿ ಸಿಂಡ್ರೆಲ್ಲಾಳ ಬಳಗಕ್ಕೆ ಜಾಗವಿಲ್ಲ. ರಾಮ್ ವೈರ್ಕರ್ ಬಿಡಿಸಿದ ಆ ‘ಕೃಷ್ಣ’ ಕೂಡ ಇದ್ದಂತೆ ಉಳಿದಿಲ್ಲ. ಮೊದಲು ಪವಾಡಗಳನ್ನು ಹಿಂದೆ ಸರಿಸಿದ್ದ ಪೈ, ಮುಂದೆ ಪುಸ್ತಕವನ್ನು ಪರಿಷ್ಕರಿಸಿ ಅವುಗಳಿಗೆ ಹೆಚ್ಚು ಜಾಗ ಕೊಟ್ಟರು.

ಗುಜರಿಯವರೂ ಈಗ ಮೊದಲಿನಂತಿಲ್ಲ. ಪುಸ್ತಕ ಕೈಗೆ ತಗೊಂಡ ತಕ್ಷಣ ‘ಒಂದ್ನಿಮಿಷ ಸಾರ್’ ಎಂದು ಫೋನಿನಲ್ಲಿ ಹೆಸರು ಒತ್ತಿ, ಅಲ್ಲಿ ಯಾರೋ ಆಸೆಪಟ್ಟು ಹಾಕಿದ ರೇಟನ್ನೇ ತೋರಿಸುತ್ತಾರೆ. ಅದು ಕೇಳಿದ ಬೆಲೆ, ಮಾರಿದ ಬೆಲೆಯಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಆದರೆ ಅವರು ಹುಡುಕುವುದು ಇಂಗ್ಲಿಷಿನಲ್ಲಿ, ಸಿಗುವುದು ಇಂಗ್ಲಿಷ್ ಪ್ರತಿಯ ಬೆಲೆ. ಕನ್ನಡದ್ದಾದರೆ ಫೋನಿನಲ್ಲಿ ಏನೂ ಬರುವುದಿಲ್ಲ. ಆಗ ಇನ್ನೂ ಕಟ್ಟಿನ ಲೆಕ್ಕವೇ. ಕಟ್ಟು ಬಿಚ್ಚದೆ, ಆರಿಸದೆ, ಚೌಕಾಸಿಯನ್ನೂ ಮಾಡದೆ ತಗೊಂಡುಬಿಡಿ.